ಬಾಣಂತಿ ಕೋಣೆಯ ಕೆಂಡ

"ಬಿಡಿ ಗಂಗಮ್ಮಾರೆ, ನೀವು ಮುಟ್ಬ್ಯಾಡಿ."

ಹೆಣಕ್ಕೆ ನೀರು ಹಾಕಲು ಬಗ್ಗಿದ್ದ ಗಂಗಾಮಣಿಯ ಕೈಯಿಂದ ಬೋರಯ್ಯ ಚೊಂಬು ಕಿತ್ತುಕೊಂಡ. ಸತ್ತವಳು ಅವನ ತಾಯಿ, ಸೂಲಗಿತ್ತಿ ಮಾರಮ್ಮ. ಹೆಗ್ಗದ್ದೆಯ ಅರ್ಧ ಊರನ್ನು ಭೂಮಿಗೆ ತಂದ ಕೈ ಅದು. ಹಾಗಂತ ಊರು ನೆರೆದಿತ್ತು ಅಂದುಕೊಳ್ಳಬೇಡಿ, ಎಂಟು ಜನ ಇದ್ದರೆ ಹೆಚ್ಚು. ಹದಿನಾರು ವರ್ಷದ ಹಿಂದೆಯೇ ಊರು ಅವಳ ಕೈ ಕೆಟ್ಟದ್ದೆಂದು ತೀರ್ಮಾನಿಸಿಬಿಟ್ಟಿತ್ತು. ಆಮೇಲೆ ಒಬ್ಬರಾದರೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ.

ಗಂಗಾಮಣಿ ಮಂಗಳೂರಿನಿಂದ ಬಂದು ಮಾರನಹಳ್ಳಿಯಲ್ಲಿ ಇಳಿದು, ಜೀಪು ಹಿಡಿದು ನೇರ ಇಲ್ಲಿಗೇ ಬಂದಿದ್ದಳು. ಸುದ್ದಿ ತಿಳಿದ ಅವಳ ತಾಯಿ ಪಾರ್ವತಮ್ಮ ಹಿಂದೆಯೇ ಓಡಿಬಂದು ಬೇಲಿಯಾಚೆ ನಿಂತಿದ್ದಳು.

"ಮುಖ ನೋಡಿದ್ದಾಯ್ತಲ್ಲ, ನಡಿ ಮನೆಗೆ."

"ಒಂದು ಮಾತು ಹೇಳೋದೈತಮ್ಮ. ಮಣ್ಣಾಗೋದ್ರೊಳಗೆ ಹೇಳ್ಬೇಕು."

"ಸುಮ್ಕಿರೇ!" ಪಾರ್ವತಮ್ಮ ಬೇಲಿಯಾಚೆಯಿಂದಲೇ ಗದರಿದಳು.

*

ಆಗ ಗಂಗಾಮಣಿಗೆ ಹನ್ನೆರಡು. ಅಕ್ಕ ತುಂಗ ಒಂಬತ್ತು ದಿನದ ಬಾಣಂತಿ. ಆಷಾಢದ ಚಳಿ ಅಂತ ಕೋಣೆಯೊಳಗೆ ಅಗ್ಗಿಷ್ಟಿಕೆ ತುಂಬ ಕಾಫಿಕಟ್ಟಿಗೆಯ ಕೆಂಡ. ಕೂಸಿಗೆ ಎಣ್ಣೆನೀರು ಹಾಕಿ ಹೊರಡುವಾಗ ಮಾರಮ್ಮ ನೂರು ಸಲ ಹೇಳಿದ್ದಳು: "ಕೆಂಡ ಐತೆ, ಕಿಟಕಿ ಮುಚ್ಬ್ಯಾಡಿ ಕಣ್ರವ್ವಾ, ಉಸಿರು ಕಟ್ಬುಡುತ್ತೆ."

"ಚಳಿ ಕಣೇ ಗಂಗೂ," ಅಂದಳು ಅಕ್ಕ. ತಂಗಿ ಕಿಟಕಿ ಮುಚ್ಚಿದಳು. ಸಂದಿಗೆ ಹಳೆ ಸೀರೆ ತುರುಕಿದಳು. ಅಕ್ಕನ ಮೇಲೆ ಅಷ್ಟು ಪ್ರೀತಿ.

ಬೆಳಿಗ್ಗೆ ಗಂಗಾಮಣಿ ಬಾಗಿಲು ತೆಗೆದರೆ ತಾಯಿ ಮಗು ಇಬ್ಬರ ಮುಖವೂ ಕೆಂಪಗೆ, ಜಾತ್ರೆಯಿಂದ ಬಂದು ಮಲಗಿದವರ ಹಾಗೆ. ಮುಟ್ಟಿದರೆ ತಣ್ಣಗೆ. ಹುಡುಗಿ ಸೀರೆ ಎಳೆದು ಬಿಸಾಕಿ ಕಿಟಕಿ ತೆಗೆದಿಟ್ಟು, ಆಮೇಲೆ ಕಿರುಚಿದಳು. ಬಂದವರ ಕಣ್ಣಿಗೆ ಬಿದ್ದದ್ದು ತೆರೆದ ಕಿಟಕಿ. ಕಿಟಕಿ ತೆರೆದೇ ಇತ್ತಲ್ಲ, ಮತ್ತೆ ಸತ್ತದ್ದು ಹೇಗೆ? ಸೂಲಗಿತ್ತಿಯ ಕೈಯಲ್ಲೇ ಏನೋ ಇದೆ ಅಂದರು. ಮುಗಿಯಿತು.

*

ಗಂಗಾಮಣಿ ಮಂಗಳೂರಿನಲ್ಲಿ ಸಂಶೋಧನೆಗೆಂದು ಪ್ರಯೋಗಾಲಯಕ್ಕೆ ಸೇರಿದ ಮೊದಲ ದಿನ ಮೇಷ್ಟ್ರು ಗೋಡೆಯ ಮೇಲಿನ ಎಚ್ಚರಿಕೆಯ ಗಂಟೆ ತೋರಿಸಿದರು. "ಕಾರ್ಬನ್ ಮೊನಾಕ್ಸೈಡು. ಸೋರಿದರೆ ವಾಸನೆಯೂ ಇರಲ್ಲ. ಗಂಟೆ ಹೊಡೆದ ತಕ್ಷಣ ಓಡಬೇಕು. ಮುಚ್ಚಿದ ಕೋಣೇಲಿ ಕೆಂಡ ಇಟ್ಟು ಸಾಯ್ತಾರಲ್ಲ, ಅದು ಇದರಿಂದಲೇ. ಮುಖ ಕೆಂಪಗಿರುತ್ತೆ."

ಗಂಗಾಮಣಿ ಹೋಗಿ ಕಿಟಕಿ ತೆರೆದಳು.

ನಾಲ್ಕು ವರ್ಷ ಅವಳು ಮಾಡಿದ್ದು ಅದೇ ಅನಿಲದ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಟಿನಂ ಕಣಗಳ ಮೇಲೆ ಅದು ಹೋಗಿ ಅಂಟಿ ಕೂರುತ್ತಿತ್ತು, ಇನ್ನೊಂದನ್ನು ಹತ್ತಿರ ಬಿಡುತ್ತಿರಲಿಲ್ಲ. ನೆತ್ತರಿಗೂ ಹಾಗೇ ಅಂಟುವುದಂತೆ. ವಿದ್ಯುತ್ತನ್ನು ಚೂರುಚೂರೇ ಏರಿಸಬೇಕು. ಒಂದು ಹಂತ ದಾಟಿದರೆ ಅದು ಉತ್ಕರ್ಷಣಗೊಂಡು, ಅಂದರೆ ಆಮ್ಲಜನಕ ಕೂಡಿಕೊಂಡು, ಸಾದಾ ಕಾರ್ಬನ್ ಡೈಆಕ್ಸೈಡ್ ಆಗಿ ಕಣವನ್ನು ಬಿಟ್ಟುಹೋಗುತ್ತಿತ್ತು. ಪರದೆಯ ಗೆರೆ ಆಗ ದಿಢೀರನೆ ಮೇಲೇಳುವುದು. ಮಿಕ್ಕವರು ಚಪ್ಪಾಳೆ ತಟ್ಟುವ ಆ ಹೊತ್ತಿಗೆ ಸರಿಯಾಗಿ, ಇವಳ ಬೆನ್ನ ಹಿಂದೆ ಒಂದು ಕೂಸು ಅಳಲು ಶುರುಮಾಡುವುದು. ತಿರುಗಿದರೆ ಯಾರೂ ಇಲ್ಲ. ಊರಿಗೆ ಹೋಗಿ ಮಾರಮ್ಮನ ಕಾಲು ಹಿಡಿಯಬೇಕು ಅಂದುಕೊಳ್ಳುವಳು. ಈ ಹಬ್ಬಕ್ಕೆ, ಮುಂದಿನ ಹಬ್ಬಕ್ಕೆ ಅಂತ ನಾಲ್ಕು ವರ್ಷ ದೂಡಿದಳು, ಪಾಪಿ.

*

ಹೆಣವನ್ನು ಹಿತ್ತಿಲಲ್ಲಿ ತೋಡಿದ್ದ ಗುಂಡಿಯ ಪಕ್ಕ ಇಳಿಸಿದರು. ನೆರೆಮನೆಯ ಕೃಷ್ಣಪ್ಪ ಸುಮ್ಮನಿರಬೇಕೋ ಬೇಡವೋ?

"ಹೋಗ್ಲಿ ಬುಡಿ. ಆ ಕೈಯಾಗಿದ್ದ ದೆವ್ವನೂ ಇವತ್ತಿಗೆ ಮಣ್ಣಾಯ್ತದೆ."

"ದೆವ್ವ ಇರ್ಲಿಲ್ಲ!" ಗಂಗಾಮಣಿ ಚೀರಿದಳು. "ಕೆಂಡದ ವಿಷಗಾಳಿ ಕಣ್ರೀ. ಈವಮ್ಮ ಕಿಟಕಿ ಮುಚ್ಬ್ಯಾಡಿ ಅಂದಿದ್ಲು. ಮುಚ್ಚಿದೋಳು ನಾನು. ನಮ್ಮಕ್ಕನ್ನ, ಕೂಸನ್ನ ಕೊಂದೋಳು ನಾನು."

ಗುದ್ದಲಿಗಳು ನಿಂತವು. ಪಾರ್ವತಮ್ಮ ಯಾವಾಗ ಬೇಲಿ ದಾಟಿ ಬಂದಿದ್ದಳೋ, ಮಗಳ ರಟ್ಟೆ ಹಿಡಿದಳು.

"ನೀ ಕಿಟಕಿ ಸಂದಿಗೆ ತುರುಕಿದ್ದ ಆ ಸೀರೆ ಒಗೆದು ಮಡಿಸಿಟ್ಟೋಳು ನಾನು ಕಣೇ," ಅಂದಳು ಮೆಲ್ಲಗೆ. "ಒಬ್ಬಳು ಹೋಗಿದ್ಲು. ಉಳಿದಿರೋ ನಿನ್ನನ್ನೂ ಊರಿನ ಬಾಯಿಗೆ ಹಾಕ್ಲಾ? ಅದಕ್ಕೇ ಮಾರಮ್ಮನ ಹೆಸರು ಹೇಳಿದೆ."

ಬೋರಯ್ಯ ಇಬ್ಬರನ್ನೂ ನೋಡಿದ. ಬಯ್ಯುತ್ತಾನೆ, ಹೊಡೆಯುತ್ತಾನೆ ಅಂತ ಗಂಗಾಮಣಿ ಕಾದಳು. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದ.

"ನಮ್ಗೆ ಯಾಕೆ ಹೇಳ್ತೀರಿ? ಅವ್ವಂಗೆ ಹೇಳಿ."

ಗಂಗಾಮಣಿ ಮಣ್ಣಿನಲ್ಲಿ ಮಂಡಿಯೂರಿದಳು. ಹೆಣದ ತಲೆಯ ಮೇಲಿನ ಸೆರಗು ಸರಿಸಿ, ಹೇಳಲೆಂದು ತುಟಿಯನ್ನು ಮಾರಮ್ಮನ ಕಿವಿಯ ಹತ್ತಿರ ತಂದಳು.

ಕಿವಿಯ ತುಂಬ ಹತ್ತಿ ತುರುಕಿದ್ದರು.