ಚರ್ಚಿನ ಬಾಗಿಲಲ್ಲಿ ಬಿಟ್ಟ ಶೂ

ಗಂಡ ಬಂಡಲ್ ಬಿಡುವುದು ಶೈಲಶ್ರೀಗೆ ಹೊಸದಲ್ಲ. ಗದಗಿನ ಪ್ರಭುದೇವ ಏನೇ ಹೇಳಿದರೂ ಅದರಲ್ಲಿ ಅರ್ಧ ಸೋಸಿಯೇ ತೆಗೆದುಕೊಳ್ಳಬೇಕು ಎಂಬುದನ್ನು ಅವಳು ಮದುವೆಯಾದ ತಿಂಗಳಲ್ಲೇ ಕಲಿತಿದ್ದಳು. ಆದರೆ ಆ ಭಾನುವಾರ ಸಿಂಗಪುರದ ಪಾಸಿರ್ ರಿಸ್‌ನಲ್ಲಿದ್ದ ರಮಾ ಆಂಟಿಯ ಮನೆಯಲ್ಲಿ, ನೆರೆದ ಕನ್ನಡದವರೆಲ್ಲರ ಮುಂದೆ, ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಅವನು ಮನಿಲಾ ನಗರವನ್ನು ವರ್ಣಿಸತೊಡಗಿದಾಗ ಅವಳಿಗೆ ಮೈಯೆಲ್ಲ ಉರಿಯಿತು.

ಉರಿಯದೆ ಏನು ಮಾಡೀತು? ಆಫೀಸಿನವರು ಅವನನ್ನು ಒಂದು ವಾರ ಮನಿಲಾಕ್ಕೆ ಕಳಿಸುತ್ತಾರೆಂದು ಗೊತ್ತಾದಾಗ ತಾನೂ ಬರುತ್ತೇನೆಂದು ಅವಳು ದುಂಬಾಲು ಬಿದ್ದಿದ್ದಳು. "ತಲಿ ಎತ್ತಾಕೂ ಟೈಮ್ ಸಿಗೂದಿಲ್ಲ ಅಲ್ಲಿ. ಮುಂದಿನ ಸಲ ನೋಡೂಣು" ಎಂದು ಅವನು ಕೈ ಝಾಡಿಸಿದ್ದ. ಈ ಮುಂದಿನ ಸಲ ಎಂಬುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ಅಗ್ಗದ ವಿಮಾನಗಳು ಹೊಸದಾಗಿ ಶುರುವಾಗಿ, ಪರಿಚಯದವರೆಲ್ಲ ಶುಕ್ರವಾರ ಸಂಜೆಯಾದರೆ ಬ್ಯಾಂಕಾಕು, ಬಾಲಿ ಎಂದು ಹಾರಿಹೋಗುತ್ತಿದ್ದ ಕಾಲ ಅದು. ಶೈಲಶ್ರೀ ಮಾತ್ರ ಸಿಂಗಪುರಕ್ಕೆ ಬಂದಮೇಲೆ ಯಿಶುನ್‌ನ ಮನೆ ಬಿಟ್ಟು ದೂರ ಹೋದದ್ದೆಂದರೆ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದ ಬೂನ್ ಲೇಯ ಮಾಲ್‌ಗೆ. ಅದೂ ಸೇಲ್ ಇದ್ದಾಗ.

ಆದರೂ ಗಂಡ ಹೊರಡುವಾಗ ಅವಳು ಕಡಿಮೆ ಮಾಡಿರಲಿಲ್ಲ. ಡಬ್ಬಿ ತುಂಬ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಸಂಜೆ ಹೊತ್ತು ಸುತ್ತಾಡಲಿ, ಪಾಪ, ಎಂದು ಹೊಸ ಶೂ ಕೊಡಿಸಿದ್ದಳು. ಅವನು ವಾಪಸು ಬಂದ ದಿನ ಪೆಟ್ಟಿಗೆ ಬಿಚ್ಚಿದಾಗ ಡಬ್ಬಿಯಲ್ಲಿ ರೊಟ್ಟಿಯ ಒಂದು ಚೂರೂ ಉಳಿದಿರಲಿಲ್ಲ. ಶೂ ತಿರುಗಿಸಿ ನೋಡಿದರೆ ಅಟ್ಟೆಗೆ ಅಂಗಡಿಯ ಚೀಟಿ ಅಂಟಿಕೊಂಡಂತೆಯೇ ಇತ್ತು. ಅಂದರೆ ಈ ಮಹಾಶಯ ಹೋಟೆಲಿನ ಕೋಣೆ, ಆಫೀಸು ಬಿಟ್ಟು ಎಲ್ಲಿಗೂ ಹೋಗಿಲ್ಲ! ಅವಳು ಏನೂ ಕೇಳದೆ ಶೂವನ್ನು ಕಪಾಟಿನಲ್ಲಿಟ್ಟು ಸುಮ್ಮನಾಗಿದ್ದಳು.

ಈಗ ನೋಡಿದರೆ ಅದೇ ಮಹಾಶಯ ರಂಗೇರಿಬಿಟ್ಟಿದ್ದಾನೆ.

"ಇಂಟ್ರಾಮುರೋಸ್ ಅಂತ ಇದೆ ಸಾರ್, ಹಳೇ ಊರು. ಸುತ್ತ ಕಲ್ಲಿನ ಗೋಡೆ. ಆ ಗೋಡೆ ಮೇಲೇ ನಡೆದುಬಿಟ್ಟೆ. ಅಲ್ಲಿಂದ ಕುದುರೆಗಾಡಿ ಹತ್ತಿ ಸ್ಯಾಂಟಿಯಾಗೊ ಕೋಟೆ. ನಮ್ಮ ಚಿತ್ರದುರ್ಗದ ಮುಂದೆ ಏನೂ ಅಲ್ಲ ಬಿಡಿ, ಆದ್ರೂ ನೋಡಬೇಕು."

"ಜೀಪ್ನಿ ಹತ್ತಿದ್ರಾ, ಆ ಉದ್ದನೆ ಜೀಪು-ಬಸ್ಸು?" ಎಂದು ಕೇಳಿದರು ಅನಂತರಾಮ್. ಮನೆಯ ಯಜಮಾನರು, ರಮಾ ಆಂಟಿಯ ಗಂಡ.

"ಹತ್ತದೆ ಇರ್ತೀನಾ? ಹಿಂದೆ ಕೂತವರು ದುಡ್ಡು ಮುಂದಿನವರಿಗೆ ಕೊಡೋದು, ಅದು ಕೈಯಿಂದ ಕೈಗೆ ಹೋಗಿ ಡ್ರೈವರ್‌ಗೆ ಸೇರೋದು. ಸಖತ್ ಮಜಾ!"

ಹೋಟೆಲಿನ ಟೀವಿಯಲ್ಲಿ ಇದನ್ನೆಲ್ಲ ತೋರಿಸಿರಬೇಕು ಎಂದುಕೊಂಡಳು ಶೈಲಶ್ರೀ. ರೊಟ್ಟಿ ಮುರಿಯುತ್ತ, ಹಾಸಿಗೆಯ ಮೇಲೆ ಕಾಲು ಚಾಚಿ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಗಂಡ ಕಣ್ಣಿಗೆ ಕಟ್ಟಿದ. ನಗು ಬಂತು, ಸಿಟ್ಟೂ ಬಂತು. ಕರೆದುಕೊಂಡು ಹೋಗಿದ್ದರೆ ತಾನಾದರೂ ನಿಜಕ್ಕೂ ನೋಡಿ ಬರುತ್ತಿರಲಿಲ್ಲವೇ!

"ಮುಖ್ಯವಾದ್ದೇ ಬಿಟ್ರಲ್ಲ," ಎಂದಳು ಮೆಲ್ಲಗೆ, ಹಳೇ ಊರೆಂದ ಮೇಲೆ ಚರ್ಚು ಇದ್ದೇ ಇರುತ್ತದೆ, ಇನ್ನಷ್ಟು ಸಿಕ್ಕಿಬೀಳಲಿ ಎಂದುಕೊಂಡು. "ಆ ಹಳೇ ಚರ್ಚಿನ ವಿಷಯ ಹೇಳಿ."

ಪ್ರಭುದೇವ ಹೆಂಡತಿಯನ್ನು ಕೃತಜ್ಞತೆಯಿಂದ ನೋಡಿದ. ಬೆಪ್ಪ!

"ಹಾಂ, ಸ್ಯಾನ್ ಅಗಸ್ಟಿನ್ ಚರ್ಚು! ಕಲ್ಲಿನ ಕಟ್ಟಡ. ಬಾಗಿಲಲ್ಲಿ ಶೂ ಬಿಟ್ಟು ಒಳಗೆ ಕಾಲಿಟ್ಟೆ ನೋಡಿ, ನೆಲ ತಣ್ಣಗೆ, ಆಹಾ! ಶೂ ಯಾರಾದ್ರೂ ಹೊಡೀತಾರೇನೋ ಅಂತ ಭಯ ಇತ್ತು. ವಾಪಸ್ ಬಂದ್ರೆ ಇಟ್ಟಲ್ಲೇ ಇದೆ. ಅಷ್ಟು ಪ್ರಾಮಾಣಿಕ ಜನ!"

ರಮಾ ಆಂಟಿಯ ಕೈಯಲ್ಲಿದ್ದ ಸೌಟು ನಿಂತಿತು. ಆಕೆ ಹೋದ ವರ್ಷವಷ್ಟೇ ಮನಿಲಾ ನೋಡಿ ಬಂದವರು.

"ಶೂ ಬಿಟ್ರಾ? ಚರ್ಚಿಗೆ?" ಎಂದರು ಹುಬ್ಬೇರಿಸಿ. "ಅಲ್ಲಿ ಎಲ್ಲರೂ ಶೂ ಹಾಕ್ಕೊಂಡೇ ಒಳಗೆ ಹೋಗ್ತಾರಲ್ಲ ಪ್ರಭು. ನಾವೂ ಹಾಗೇ ಹೋಗಿದ್ವಿ. ನೀವು ನಿಜವಾಗ್ಲೂ ಒಳಗೆ ಹೋಗಿದ್ರಾ?"

ಪ್ರಭುದೇವನ ಬಾಯಲ್ಲಿದ್ದ ತುತ್ತು ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ದೇವರೆಂದರೆ ಚಪ್ಪಲಿ ಹೊರಗೆ ಎಂದು ಹುಟ್ಟಿದಾಗಿನಿಂದ ರೂಢಿಯಾದ ಕಾಲು. ಬಂಡಲ್ ಬಿಡುವಾಗಲೂ ಬಿಟ್ಟೇ ಒಳಗೆ ಹೋಗಿತ್ತು. ಅವನು ಹೆಂಡತಿಯ ಕಡೆ ನೋಡಿದ. ಪರೀಕ್ಷೆಯಲ್ಲಿ ಪಕ್ಕದವನ ಕಡೆ ನೋಡುವ ಹುಡುಗನ ಮುಖ.

ಈಗ ಒಂದು ಮಾತು ಸಾಕು ಎಂದು ಶೈಲಶ್ರೀಗೆ ಗೊತ್ತಿತ್ತು. ಶೂವಿನ ಚೀಟಿಯ ಕಥೆ ಹೇಳಿದರೆ ಇವನ ಮಾನ ಈ ಸಿಂಗಪುರದಲ್ಲಿ ಮತ್ತೆ ಎದ್ದು ನಿಲ್ಲುವುದಿಲ್ಲ. ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಹೇಳಿಬಿಟ್ಟರೆ ತನಗೆ ದಕ್ಕುವುದೇನು? ಇವನ ಸಣ್ಣ ಮುಖ. ಅದನ್ನು ಇಟ್ಟುಕೊಂಡು ಮನಿಲಾ ನೋಡಿದಂತಾದೀತೇ?

"ನಾನೇ ಹೇಳಿ ಕಳಿಸಿದ್ದೆ ಆಂಟಿ," ಎಂದಳು. "ಯಾರ ದೇವರಾದ್ರೇನು, ಶೂ ಹೊರಗೆ ಬಿಟ್ಟೇ ಒಳಗೆ ಹೋಗಿ ಅಂತ."

"ಅಯ್ಯೋ, ಎಂಥ ಸಂಸ್ಕಾರ!" ಎಂದರು ಅನಂತರಾಮ್. "ನೋಡು ರಮಾ, ನಮಗೆ ಹೊಳೀಲೇ ಇಲ್ಲ." ರಮಾ ಆಂಟಿ ತುಸು ನಾಚಿ ಸೌಟು ಕೆಳಗಿಟ್ಟರು. ಪ್ರಭುದೇವನ ತುತ್ತು ಇಳಿಯಿತು.

"ಅದನ್ನೆಲ್ಲ ಈ ಡಿಸೆಂಬರ್‌ನಲ್ಲಿ ನನಗೂ ತೋರಿಸ್ತಾರಂತೆ," ಎಂದು ಶೈಲಶ್ರೀ ಮುಂದುವರಿಸಿದಳು, ಸ್ವರ ಒಂದಿಷ್ಟೂ ಏರಿಸದೆ. "ಗೋಡೆ, ಕೋಟೆ, ಜೀಪ್ನಿ, ಎಲ್ಲಾ. ಮಾತು ಕೊಟ್ಟಿದ್ದಾರೆ. ಅಲ್ವೇನ್ರೀ?"

"ಹೌದು... ಹೌದೌದು," ಎಂದ ಪ್ರಭುದೇವ. ಬೇರೆ ಏನು ಹೇಳಿಯಾನು?

"ಹಾಗಿದ್ರೆ ಕಾಯೋದೇಕೆ? ಈಗಲೇ ಆಫರ್ ಇದೆ!" ಅನಂತರಾಮ್ ಎದ್ದು ಹಾಲಿನ ಮೂಲೆಯ ಕಂಪ್ಯೂಟರ್ ಮುಂದೆ ಕುಳಿತೇ ಬಿಟ್ಟರು. "ನಾವೂ ಬರ್ತೀವಪ್ಪಾ. ಹೋದ ಸಲ ಟೂರ್ ಬಸ್‌ನವನು ಓಡಿಸಿಕೊಂಡು ಹೋದ. ಈ ಸಲ ಪ್ರಭುನೇ ಗೈಡ್." ಪಾಯಸ ಬಡಿಸುವಷ್ಟರಲ್ಲಿ ನಾಲ್ಕು ಟಿಕೆಟ್ ಬುಕ್ ಆಗಿದ್ದವು.

ವಾಪಸು ಬರುವಾಗ ಗಂಡಹೆಂಡತಿ ಎಂಆರ್‌ಟಿ ರೈಲು ಹಿಡಿದರು. ಸಿಟಿ ಹಾಲ್‌ನಲ್ಲಿ ಇಳಿದು ಯಿಶುನ್ ಕಡೆಯ ರೈಲು ಹತ್ತಿ ಕುಳಿತ ಮೇಲೆ ಪ್ರಭುದೇವ ಕೆಮ್ಮಿದ.

"ಶೈಲಾ, ನಿನಗೊಂದು ಮಾತು ಹೇಳಬೇಕಾಗಿತ್ತು."

"ಶೂವಿನ ಅಟ್ಟಿಗೆ ಅಂಗಡಿ ಚೀಟಿ ಹಂಗ ಐತ್ರಿ. ಗೊತ್ತೈತಿ."

ಅವನು ಕಿಟಕಿಯ ಕಡೆ ತಿರುಗಿದ. ಕಿವಿ ಕೆಂಪಾಗಿತ್ತು. "ಮೊದಲ ದಿನಾ ಆಫೀಸ್ ಬೂಟಿನ್ಯಾಗ ಹಂಗ ಹೊರಗ ಹೋಗಾಕ ಹೊಂಟಿದ್ದೆ. ರಸ್ತೆ ದಾಟಾಕ ಆಗ್ಲಿಲ್ಲ, ಅಷ್ಟು ಗಾಡಿ. ಒಬ್ನ ನಿಂತು ನಿಂತು ವಾಪಸ್ ಬಂದೆ. ನೀ ಇದ್ದಿದ್ರ ಕೈ ಹಿಡಿದು ದಾಟಿಸ್ತಿದ್ದಿ."

"ಇದೂ ಬಂಡಲ್ ಏನು?"

"ನಿನ್ನಾಣೆ ಅಲ್ಲ."

ಶೈಲಶ್ರೀ ನಂಬಿದಳು. ಇಷ್ಟು ಸಣ್ಣ ದನಿಯಲ್ಲಿ ಅವನು ಎಂದೂ ಬಂಡಲ್ ಬಿಟ್ಟವನಲ್ಲ. ಅಯ್ಯೋ ಎನಿಸಿ, ಆ ರಸ್ತೆಯ ಅಂಚಿನಲ್ಲಿ ನಿಂತ ಗಂಡನ ಮೇಲೆ ಪ್ರೀತಿ ಉಕ್ಕಿತು. ಹಾಗೆಂದು ಬಿಟ್ಟುಬಿಡುವವಳೇ ಅವಳು?

"ರಸ್ತೆ ನಾ ದಾಟಸ್ತೀನಿ," ಎಂದಳು. "ಆದ್ರ ಚರ್ಚಿನ ಬಾಗಲದಾಗ ಶೂ ನೀವ ಬಿಚ್ಚಬೇಕು. ಊರ ಮಂದಿ ಎಲ್ಲಾ ಬೂಟ್ ಹಾಕ್ಕೊಂಡು ಟಕಟಕ ಒಳಗ ಹೊಂಟಿರ್ತಾರ. ನೀವು ಬರಿಗಾಲಾಗ. ರಮಾ ಆಂಟಿ ನೋಡ್ಕೋತ ನಿಂತಿರ್ತಾರ."

ಪ್ರಭುದೇವ ತಲೆಯ ಮೇಲೆ ಕೈ ಹೊತ್ತು ಕುಳಿತ. ಯಿಶುನ್ ಬಂತು. ಬಾಗಿಲು ತೆರೆಯುವ ಮೊದಲು ಶೈಲಶ್ರೀ ಅವನ ತೋಳು ಹಿಡಿದು ಎಬ್ಬಿಸಿದಳು.

"ಏಳ್ರಿ, ಏಳ್ರಿ. ಚರ್ಚಿನೊಳಗ ನಾನೂ ಚಪ್ಪಲಿ ಬಿಟ್ಟ ಬರ್ತೀನಿ."