ಮೂವತ್ತೊಂದನೇ ತಾರೀಖು

ಕುಮುದಿನಿಯ ಅಡುಗೆಮನೆಯ ಗೋಡೆಗೊಂದು ಕ್ಯಾಲೆಂಡರ್ ಇದೆ. ಎರಡು ತಿಂಗಳಿಗೊಮ್ಮೆ ಅದರ ಒಂದನೇ ತಾರೀಖಿನ ಸುತ್ತ ಕೆಂಪು ಪೆನ್ನಿನ ಗುಂಡು ಬೀಳುತ್ತಿತ್ತು. ಅಂದು ಅತ್ತೆ ಸುಮತಿಬಾಯಿ ಕೈಚೀಲ ಹಿಡಿದು ಜಮಖಂಡಿಯ ಹಿರಿಮಗನ ಮನೆಯಿಂದ ರಬಕವಿಗೆ ಬರುತ್ತಿದ್ದರು, ಇಲ್ಲವೇ ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದರು. ಇಬ್ಬರು ಮಕ್ಕಳು, ಎರಡೆರಡು ತಿಂಗಳ ಪಾಳಿ. ಎಂಥ ಅಚ್ಚುಕಟ್ಟು ವ್ಯವಸ್ಥೆ! ಯಾರ ಮನೆಯಲ್ಲಿಲ್ಲ ಹೇಳಿ? ಅತ್ತೆ ಬಂದ ದಿನ ಅವರಿಗೆ ಇಷ್ಟವಾದ ಕಡಲೆಹಿಟ್ಟಿನ ಜುಣಕದ ವಡಿ ಮಾಡಿ, ತಾನು ಒಳ್ಳೆಯ ಸೊಸೆಯೆಂದು ಕುಮುದಿನಿ ನೆಮ್ಮದಿಯಾಗಿದ್ದಳು.

ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಕ್ಟೋಬರ್ ಕೊನೆಗೆ ವೃದ್ಧಾಪ್ಯ ಪಿಂಚಣಿದಾರರ ಗಣತಿಯ ಕೆಲಸ ಅವಳ ತಲೆಗೆ ಬಿತ್ತು. ಮನೆಮನೆಗೆ ಹೋಗಿ, ಮುದುಕರನ್ನು ಕಣ್ಣಾರೆ ಕಂಡು, ಮೊಬೈಲಿನಲ್ಲಿ ವಿವರ ತುಂಬಬೇಕು. ಮೂವತ್ತೊಂದನೇ ತಾರೀಖು ಕೊನೆಯ ದಿನ. ಅಂದು ಅವಳು ನೇಕಾರರ ಓಣಿಗೆ ಹೋದಳು.

ಪಟ್ಟಿಯಲ್ಲಿ ಶಂಕ್ರೆವ್ವ ಎಂಬ ಹೆಸರಿತ್ತು. ಹಿರಿಮಗ ಗಿರಿಮಲ್ಲಪ್ಪ ಮಗ್ಗವನ್ನೂ ನಿಲ್ಲಿಸದೆ ಕೂಗಿ ಹೇಳಿದ: “ನಮ್ಮವ್ವಂದು ನನ್ನ ಕಡೆ ಮೂವತ್ತ ದಿವಸ ನಿನ್ನಿಗೆ ಮುಗುದ್ವು ಅಕ್ಕೋರ. ತಮ್ಮನ ಮನ್ಯಾಗ ನೋಡ್ರಿ.”

ತಮ್ಮ ಚನಮಲ್ಲಪ್ಪನ ಮನೆ ಎದುರಿಗೇ ಇತ್ತು. “ನನ್ನ ಪಾಳಿ ನಾಳಿ ಒಂದನೇ ತಾರೀಖಿಂದ್ರಿ,” ಎಂದ ಅವನು. “ಇವತ್ತ ಮೂವತ್ತೊಂದು. ಒಂದ ದಿನ ಹೆಚ್ಚ ನಾ ಯಾಕ ಹೊರಲಿ?”

“ಹಂಗಾದ್ರ ಇವತ್ತ ಅಜ್ಜಿ ಎಲ್ಲಿದ್ದಾರ?”

“ಎಲ್ಲೆರೆ ಕುಂತಿರ್ತಾಳ್ರಿ.”

ಕುಮುದಿನಿಗೆ ನಗು ಬಂತು. ಹೌದು, ನಗುವೇ ಬಂತು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಓಣಿಯ ಕೊನೆಯ ಬೇವಿನ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಬಟ್ಟೆಯ ಚೀಲ ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದಳು. “ಬಿಸಿಲಾಗ ಬಂದೀ ನನ್ನವ್ವ, ನೀರ ಕುಡಿ,” ಎಂದು ತಂಬಿಗೆ ಮುಂದೆ ಮಾಡಿದಳು. ಕುಮುದಿನಿ ಗಟಗಟ ಕುಡಿದಳು. “ಶಂಕ್ರೆವ್ವ ಅಂದ್ರ ನಾನ. ನನ್ನ ಹೆಸರ ಬರ್ಕೊಂಡ್ಯೇನ?”

“ಕಟ್ಟಿ ಮ್ಯಾಲಿದ್ದವರನ್ನ ಬರಿಲಿಕ್ಕೆ ಬರೂದಿಲ್ಲ ಅಜ್ಜಿ. ಯಾವ ಮನಿ ಅಂತ ಹಾಕ್ಲಿ?”

“ಇವತ್ತೊಂದ ದಿನ ನನಗ ಮನಿ ಇಲ್ಲ ಬೇ,” ಎಂದು ಮುದುಕಿ ನಕ್ಕಳು. “ನಾಳಿ ಬಾ, ಸಣ್ಣಾಂವನ ಮನ್ಯಾಗಿರ್ತೀನಿ.”

ನಾಳೆ ಬರಲು ಗಣತಿ ಎಲ್ಲಿರುತ್ತದೆ? ಇನ್ನೂ ಹನ್ನೊಂದು ಮನೆ ಬಾಕಿ ಇದ್ದವು. ಯಾವುದೋ ಒಬ್ಬ ಮಗನ ಮನೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಕುಮುದಿನಿ ‘ವಿಳಾಸದಲ್ಲಿ ವಾಸವಿಲ್ಲ’ ಎಂಬುದನ್ನು ಒತ್ತಿದಳು. ಆ ಮುದುಕಿ ಕೊಟ್ಟ ನೀರಿನ ಪಸೆ ಅವಳ ತುಟಿಯ ಮೇಲೆ ಇನ್ನೂ ಆರಿರಲಿಲ್ಲ.

ಬಿಟ್ಟುಹೋದವರ ಮರುಪರಿಶೀಲನೆಗೆಂದು ಅವಳು ಮತ್ತೆ ಆ ಓಣಿಗೆ ಬಂದದ್ದು ಜನವರಿ ಮೂವತ್ತೊಂದಕ್ಕೆ. ಕಟ್ಟೆ ಖಾಲಿ ಇತ್ತು. ಪಕ್ಕದ ಮನೆಯ ಗುರುಬಸವ್ವ ಹೊರಗೆ ಬಂದಳು.

“ಶಂಕ್ರೆವ್ವ ಹೋಗಿ ಹದಿನೈದ ದಿವಸ ಆತ್ರಿ. ಪಿಂಚಣಿ ನಿಂತಿದ್ದ ತಡ, ಹಿರ್ಯಾಂವ ತಮ್ಮನ ಮನಿ ತೋರ್ಸಿದ, ಸಣ್ಣಾಂವ ಅಣ್ಣನ ಮನಿ ತೋರ್ಸಿದ. ಆಕಿಗೆ ದಿನಾ ಮೂವತ್ತೊಂದ ಆತು. ನಾವ ರೊಟ್ಟಿ ಕೊಟ್ವಿ, ಹೊದಿಲಿಕ್ಕೆ ಕೌದಿ ಕೊಟ್ವಿ, ನಮ್ಮ ಪಡಸಾಲ್ಯಾಗ ಮಲ್ಕೊ ಅಂದ್ವಿ. ‘ಇಬ್ಬರ ಮಕ್ಕಳಿದ್ದು ಮಂದಿ ಮನ್ಯಾಗ ಮಲಗಲೇನ’ ಅಂದ್ಲು. ಸಂಕ್ರಾಂತಿ ಚಳಿ ತಡೀಲಿಲ್ಲರಿ ಜೀವ. ‘ಅಕ್ಕೋರ ಮತ್ತ ಬರ್ತಾರ, ಬರ್ಕೊಂತಾರ’ ಅಂತ ದಾರಿ ನೋಡ್ತಿದ್ಲು.”

ಕಟ್ಟೆಯ ಮೇಲೆ ಕೂರಲೂ ಕುಮುದಿನಿಗೆ ಧೈರ್ಯವಾಗಲಿಲ್ಲ.

ಗಿರಿಮಲ್ಲಪ್ಪ ಮೆಲ್ಲಗೆ ಬಂದು ನಿಂತ. “ತೀರಿಕೊಂಡ್ಲು ಅಂತ ಹಾಕ್ರಿ ಅಕ್ಕೋರ. ಆದ್ರ ನನ್ನ ಮನಿ ನಂಬರ ಹಾಕಬ್ಯಾಡ್ರಿ. ಮಂದಿ ಏನಂದಾರು?”

ಹೆತ್ತ ತಾಯಿಯನ್ನು ಹೀಗೆ ಮಾಡಿದ್ದೀರಲ್ಲ ಎಂದು ಬೈಯಲು ಅವಳು ಬಾಯಿ ತೆರೆದಳು. ಅಡುಗೆಮನೆಯ ಕೆಂಪು ಗುಂಡು ನೆನಪಾಗಿ, ಬೈಯದೆ ಮೊಬೈಲಿನಲ್ಲಿ ‘ಮರಣ’ ಎಂಬುದನ್ನು ಒತ್ತಿದಳು.

ಸಂಜೆ ಮನೆಯಲ್ಲಿ ಗಂಡ ವಿಶ್ವಾಸ ಚಹಾ ಕುಡಿಯುತ್ತ ತನ್ನ ತಾಯಿಯ ಮಾತೆತ್ತಿ, “ನಾಳೆ ಒಂದನೇ ತಾರೀಖು. ಆಯಿನ್ನ ಜಮಖಂಡಿಯ ಏಳರ ಬಸ್ಸಿಗೆ ಹತ್ತಿಸ್ತೀನಿ,” ಎಂದ.

“ಇನ್ನ ಪಾಳಿ ಬ್ಯಾಡರೀ. ಆಯಿ ಎಲ್ಲಿರ್ತೀನಿ ಅಂತಾರೋ ಅಲ್ಲೇ ಇರ್ಲಿ.”

“ನಿನಗೇನ ಹುಚ್ಚ ಹಿಡದದ? ಅಣ್ಣ ತಮ್ಮ ಸಮಾ ಹಂಚಿಕೊಂಡೇವಿ. ಇದರಾಗ ಅನ್ಯಾಯ ಏನದ? ನಮ್ಮ ಅಜ್ಜಿನೂ ಹಿಂಗೇ ಇದ್ಲು.”

“ನಿಮ್ಮ ಅಜ್ಜಿನ್ನ ಯಾರರೆ ಕೇಳಿದ್ರೇನು? ಹೊಲಾ ಹಂಚಿದ್ರ ಹೊಲಕ್ಕ ನೋವಾಗೂದಿಲ್ಲರೀ, ಮನಷ್ಯಾರಿಗೆ ಆಗ್ತದ. ನಾ ಒಬ್ಬ ಮುದುಕಿನ್ನ ಕೊಂದು ಬಂದೀನಿ.” ಅವಳು ಅತ್ತುಬಿಟ್ಟಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ವಿಶ್ವಾಸನ ಚಹಾ ಆರಿಹೋಯಿತು.

ನಡುಮನೆಯಲ್ಲಿ ಸುಮತಿಬಾಯಿ ಚೀಲ ತುಂಬುತ್ತಿದ್ದರು. ಪಾಳಿಯ ಆರು ವರ್ಷಗಳಲ್ಲಿ ಅವರ ಬಟ್ಟೆ ಒಮ್ಮೆಯೂ ಈ ಮನೆಯ ಕಪಾಟು ಕಂಡಿರಲಿಲ್ಲ. ಕಪಾಟಿನಲ್ಲಿ ಜಾಗವಿತ್ತು. ಇಡಿ ಎಂದು ಯಾರೂ ಹೇಳಿರಲಿಲ್ಲ.

ಕುಮುದಿನಿ ಅವರ ಮುಂದೆ ಕುಳಿತಳು. “ಅತ್ಯಾರ, ನಿಮಗ ಎಲ್ಲಿ ಇರಬೇಕು ಅನಸ್ತದ?”

ಸುಮತಿಬಾಯಿ ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟರು. “ಈ ಮಾತ ನನಗ ಯಾರೂ ಕೇಳಿರ್ಲಿಲ್ಲವಾ,” ಎಂದರು. “ಇಲ್ಲೇ ಇರ್ತೀನಿ. ಮನಸಾದಾಗ ಅಲ್ಲಿಗೆ ಹೋಗಿ ಬರ್ತೀನಿ.”

ವಿಶ್ವಾಸ ಬಾಗಿಲಲ್ಲಿ ನಿಂತಿದ್ದ. ಅವನು ಅಣ್ಣನಿಗೆ ಫೋನು ಹಚ್ಚಿದ. ಕುಮುದಿನಿ ಸೀರೆಗಳನ್ನು ಒಂದೊಂದಾಗಿ ಕಪಾಟಿಗೆ ಇಟ್ಟಳು. ಕೊನೆಯದಕ್ಕೆ ಕೈಹಾಕಿದಾಗ ಅತ್ತೆ ಮೆಲ್ಲನೆ ಅವಳ ಕೈ ಹಿಡಿದರು.

“ಅದೊಂದು ಚೀಲದಾಗೇ ಇರ್ಲಿ ಬಿಡವಾ.”

ಅದನ್ನೂ ತೆಗೆದಿಡಿ ಎನ್ನಲು ಕುಮುದಿನಿಗೆ ಮುಖವಿರಲಿಲ್ಲ. ಆ ಸೀರೆ ಇವತ್ತಿಗೂ ಚೀಲದಲ್ಲೇ ಇದೆ.