ಲೀಡರ್ ಸಾಹೇಬರ ಬೆರಳು

ಹನ್ನೊಂದು ಜನ ಕೂಡಿ ಲಡಾಖಿಗೆ ಹೋಗುವುದೆಂದು ಹೈದರಾಬಾದಿನ ದಿಲ್‌ಸುಖ್‌ನಗರದ ಪಾರ್ಕಿನಲ್ಲಿ ತೀರ್ಮಾನವಾದ ದಿನವೇ, ಯಾರೂ ಕೇಳದಿದ್ದರೂ, ಶಿವಶರಣಪ್ಪ ಲೀಡರ್ ಆಗಿಬಿಟ್ಟ. ಕರೆಂಟ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಇನ್ನೊಬ್ಬರ ಸಹಿಗಾಗಿ ಫೈಲು ಹಿಡಿದು ನಿಂತವನು. ನಿವೃತ್ತನಾದ ಮೇಲೆ ಸಿಕ್ಕ ಮೊದಲ ಅಧಿಕಾರವನ್ನು ಬಿಟ್ಟುಕೊಡುವಷ್ಟು ಉದಾರಿಯೇನಲ್ಲ. ಉಳಿದವರೂ ಪಾರ್ಕಿಗೆ ವಾಕಿಂಗ್ ಬರುವ ಕನ್ನಡದವರೇ, ರಾಯಚೂರಿನ ಕಡೆಯವರು ಕೆಲವರು, ಮೈಸೂರು, ಉಡುಪಿಯವರು ಕೆಲವರು. ಒಬ್ಬ ಮುಂದೆ ನಿಂತರೆ ತಮಗೆ ತಲೆನೋವು ಕಡಿಮೆ ಎಂದು ಸುಮ್ಮನಾದರು.

ಮರುದಿನದಿಂದ ಲಿಂಗಸುಗೂರಿನ ಈ ಮನುಷ್ಯ ಹಿಮಾಲಯದಲ್ಲೇ ಹುಟ್ಟಿ ಬೆಳೆದವನ ಹಾಗೆ ಮಾತಾಡತೊಡಗಿದ. ಮೇ ತಿಂಗಳ ಹೈದರಾಬಾದು, ಗೋಡೆ ಮುಟ್ಟಿದರೆ ಕೈ ಸುಡುವ ಕಾಲ. ಈತ ಕೂಲರಿನ ಮುಂದೆ ಉಣ್ಣೆಯ ಬನಿಯನ್ನು, ಅದರ ಮೇಲೆ ದಪ್ಪ ಜಾಕೀಟು ಹಾಕಿಕೊಂಡು ಕೂತು ಮೈಗೆ ರೂಢಿ ಮಾಡಿಸುತ್ತಿದ್ದ. ಬೆವರು ಧಾರೆಯಾಗಿ ಇಳಿದರೂ ಬಿಚ್ಚಲಿಲ್ಲ. ಮನೆಗೆ ಬಂದ ಬೀಗರ ಮುಂದೆ ಬುದ್ಧನ ಶಾಂತಿಯ ಬಗ್ಗೆ ಒಂದು ಗಂಟೆ ಕೊರೆದ. ನಡುವೆ ಚಹಾ ತಡವಾಯಿತೆಂದು ಹೆಂಡತಿಯ ಮೇಲೆ ಎರಡು ಸಲ ರೇಗಿದ.

ಆ ಹೆಂಡತಿ ಅಂಬವ್ವ. ಲಡಾಖಿನ ಮಾತು ಮೊದಲು ಬಂದಾಗ ಅವಳು ಫೋನಿನಲ್ಲಿ ಫೋಟೊ ನೋಡಿದ್ದಳು. ಬೋಳು ಗುಡ್ಡ, ಅದರ ನೆತ್ತಿಯ ಮೇಲೆ ಬಿಳೀ ಗೋಡೆಯ ದೊಡ್ಡ ಕಟ್ಟಡ, ಬಾಗಿಲಲ್ಲಿ ಕೆಂಪು ಬಟ್ಟೆಯ ಮುದುಕ.

"ಎಂಥಾ ಚಂದ ಮಠ ಐತಿ ನೋಡ್ರಿ. ನಾನೂ ಬರ್ಲೇನ್ರಿ?" ಎಂದು ಕೇಳಿದ್ದಳು.

"ಮಠ ಅಲ್ಲ, ಮೊನಾಸ್ಟ್ರಿ ಅನಬೇಕು. ಅಲ್ಲಿ ಉಸಿರಾಡಾಕ ಗಾಳೀನೇ ಸಾಲೂದಿಲ್ಲ. ಶ್ರೀಶೈಲದ ಮೆಟ್ಲ ಹತ್ತೂವಾಗೇ ಏದುಸಿರು ಬಿಟ್ಟಾಕಿ ನೀ!"

ಶ್ರೀಶೈಲದಲ್ಲಿ ತನ್ನ ಚೀಲದ ಜೊತೆಗೆ ಅವನ ಚೀಲವನ್ನೂ ತಾನೇ ಹೊತ್ತಿದ್ದೆ ಎಂದು ಅಂಬವ್ವ ನೆನಪಿಸಲಿಲ್ಲ. ಎದ್ದು ಹೋಗಿ ಜೋಳದ ಹಿಟ್ಟು ನಾದಿದಳು. ದೂರದೂರಿಗೆ ಹೋಗುವವರ ಚೀಲದಲ್ಲಿ ತಿಂಗಳಾದರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ ಇರಲೇಬೇಕಲ್ಲ. ಆದರೆ ಆ ಫೋಟೊ ಅವಳ ಫೋನಿನಲ್ಲಿ ಹಾಗೇ ಉಳಿದಿತ್ತು. ರೊಟ್ಟಿ ಬೇಯುವಷ್ಟರಲ್ಲಿ ಒಂದೆರಡು ಸಲ ತೆಗೆದು ನೋಡುತ್ತಿದ್ದಳು. ಅವಳಿಗೆ ಹೋಗುವ ಆಸೆಯಿತ್ತು, ಭಾಳ ಇತ್ತು.

ವಿಮಾನದ ಟಿಕೇಟು ತೆಗೆಸುವ ವಾರ ಲೀಡರ್ ಸಾಹೇಬರು ವಾಟ್ಸಾಪ್ ಗ್ರೂಪಿನಲ್ಲಿ ಒಂದು ನಿಯಮ ಹಾಕಿದರು. ಪ್ರತಿಯೊಬ್ಬರೂ ಭಾನುವಾರ ಬೆಳಿಗ್ಗೆ ಐದು ಅಂತಸ್ತು ಮೆಟ್ಟಿಲು ಹತ್ತಬೇಕು. ಹತ್ತಿದ ಕೂಡಲೇ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ಫೋಟೊ ಕಳಿಸಬೇಕು. ತೊಂಬತ್ನಾಲ್ಕಕ್ಕಿಂತ ಕಡಿಮೆ ಬಂದವರು ಮನೆಯಲ್ಲೇ ಉಳಿಯತಕ್ಕದ್ದು. ಕೊನೆಗೊಂದು ಸಾಲು ಬೇರೆ: "ಬರೀ ಬೆರಳು ನಡಿಯೂದಿಲ್ಲ, ಮಣಿಕಟ್ಟಿನತನಕ ಇಡೀ ಕೈ ಕಾಣಬೇಕು. ಮೊಮ್ಮಕ್ಕಳ ಬೆರಳು ಇಟ್ಟು ಮೋಸ ಮಾಡೂದು ಬ್ಯಾಡ." ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಅವನ ಮನೆಯಲ್ಲೇ ಇತ್ತು. ಹಿಂದಿನ ದಿನ ಸೋಫಾದ ಮೇಲೆ ಕಾಲು ಚಾಚಿ ನೋಡಿಕೊಂಡಾಗ ತೊಂಬತ್ತಾರು ತೋರಿಸಿತ್ತು. ಅದೇ ಧೈರ್ಯ.

ಭಾನುವಾರ ಏಳು ಗಂಟೆಗೆ ಮೊದಲ ಫೋಟೊ ಸೀತಾರಾಮನದು. ಮೈಸೂರಿನ ಈ ವಿಧುರ ಪಾರ್ಕಿನಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಕೈ ಪೂರ್ತಿ ಕಾಣುತ್ತಿತ್ತು. ಅಂಕಿ ತೊಂಬತ್ತೆರಡು.

"ಎರಡೇ ಪಾಯಿಂಟ್ ಕಮ್ಮಿ ಇದೆ ಸಾರ್. ಡಾಕ್ಟರನ್ನ ಒಂದು ಮಾತು ಕೇಳಿಕೊಂಡು ಬರ್ಲಾ?" ಎಂದು ಬರೆದ.

"ನಿಯಮ ಅಂದ್ರ ನಿಯಮ. ಪ್ರಕೃತಿ ಮುಂದ ಹಟ ನಡಿಯಂಗಿಲ್ಲ," ಎಂದು ಉತ್ತರ ಹೋಯಿತು. ಕೆಳಗೆ ಕೈಮುಗಿದ ಚಿತ್ರ. ಸೀತಾರಾಮ ಸರಿ ಎಂದ, ಅಷ್ಟೆ. ಸಾಹೇಬರು ತಮ್ಮ ನಿಷ್ಠುರತೆಗೆ ತಾವೇ ಮೆಚ್ಚಿ ಇನ್ನೊಂದು ಚಹಾ ಕುಡಿದರು.

ಆಮೇಲೆ ಮೆಟ್ಟಿಲು ಹತ್ತಲು ಹೊರಟರು. ಮೂರನೇ ಅಂತಸ್ತಿಗೆ ರೇಲಿಂಗು ಬೇಕಾಯಿತು, ನಾಲ್ಕನೆಯದಕ್ಕೆ ದೇವರು. ಐದರಲ್ಲಿ ಗೋಡೆಗೊರಗಿ ಬೆರಳಿಗೆ ಯಂತ್ರ ಸಿಕ್ಕಿಸಿದರೆ ತೊಂಬತ್ತು. ಲಿಫ್ಟಿನಲ್ಲಿ ಇಳಿದು, ಸುಧಾರಿಸಿಕೊಂಡು, ಮತ್ತೆ ಹತ್ತಿದ. ತೊಂಬತ್ತೇ. ಆಫೀಸಿನ ಹಿಂದೆ ನಿಂತು ಮೂವತ್ತು ವರ್ಷ ಸೇದಿದ ಸಿಗರೇಟು ಎಲ್ಲಿಗೂ ಹೋಗಿರಲಿಲ್ಲ. ಯಂತ್ರವೇ ಕೆಟ್ಟಿದೆ ಎಂದುಕೊಂಡು ಅಂಬವ್ವನನ್ನು ಕರೆದು ಐದು ಅಂತಸ್ತು ಹತ್ತಿಸಿದ. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿ ಬಂದಳು. ತೊಂಬತ್ತೆಂಟು.

ಅಷ್ಟರಲ್ಲಿ ಗ್ರೂಪಿನಲ್ಲಿ ನಳಿನಿ ಕೇಳಿದ್ದಳು. ಉಡುಪಿಯವಳು, ಬ್ಯಾಂಕಿನವಳು, ಟಿಕೇಟಿನ ಉಸ್ತುವಾರಿ ಅವಳದೇ. "ಎಲ್ಲರದ್ದೂ ಬಂತು. ಲೀಡರ್ ಕೈ ಒಂದು ಬಾಕಿ ಉಂಟು."

ಶಿವಶರಣಪ್ಪ ಲೆಕ್ಕ ಹಾಕಿದ. ಬೀಗರಿಗೆ ಹೇಳಿಯಾಗಿದೆ, ಲಿಂಗಸುಗೂರಿನ ತಮ್ಮನಿಗೆ ಹೇಳಿಯಾಗಿದೆ, ಆಫೀಸಿನ ಹಳೆಯ ಸಾಹೇಬನಿಗಂತೂ ಬೇಕೆಂದೇ ಫೋನು ಮಾಡಿ ಹೇಳಿಯಾಗಿದೆ. ಈಗ ಹಿಂದೆ ಉಳಿದರೆ ಯಾವ ಮುಖ ಹೊತ್ತು ಪಾರ್ಕಿಗೆ ಹೋಗುವುದು? ಹೆಂಡತಿಯನ್ನು ಒಳಕೋಣೆಗೆ ಕರೆದು ತನ್ನ ತುಂಬುತೋಳಿನ ಅಂಗಿ ಕೊಟ್ಟ.

"ಇದನ್ನ ಹಾಕ್ಕೊ. ಕೈಗೆ ನನ್ನ ವಾಚು ಕಟ್ಕೊ."

ಅಂಬವ್ವ ಅಂಗಿ ತೊಟ್ಟಳು, ವಾಚು ಕಟ್ಟಿದಳು. ಹಸಿರು ಬಳೆಗಳು ತೋಳಿನ ತುದಿಯಿಂದ ಇಣುಕಿದವು.

"ಬಳಿ ತಗದಿಡ್ಲೇನ್ರಿ?"

ಶಿವಶರಣಪ್ಪ ಬೆಚ್ಚಿಬಿದ್ದ. ವಿಜ್ಞಾನ, ಆಮ್ಲಜನಕ, ಪ್ರಕೃತಿ ಎಲ್ಲ ಒಂದೇ ಏಟಿಗೆ ಹಾರಿಹೋದವು. "ಏ, ಬಾಯಿ ಮುಚ್ಚು! ಗಂಡ ಗಾಳಿ ಇಲ್ಲದ ಊರಿಗೆ ಹೊಂಟಾನ, ಮುತ್ತೈದಿ ಆಗಿ ಬರಿಗೈ ಮಾಡ್ಕೊಂತೀನಿ ಅಂತಿಯಲ್ಲ! ಮ್ಯಾಲೆ ಸರಸು, ಸಾಕು."

ಅವಳು ಮೇಲೆ ಸರಿಸಿದಳು. ಅವನೇ ಗುಂಡಿ ಹಾಕಿದ. ಅಂಗಿ ಇವನ ಅಳತೆಯದು, ತೋಳು ಸಡಿಲ. ಒಂದು ಬಳೆ ಮೆಲ್ಲಗೆ ಜಾರಿ ವಾಚಿನ ಪಕ್ಕಕ್ಕೆ ಬಂದು ಕೂತಿತು. ಸಾಹೇಬರ ಕಣ್ಣು ಅಂಕಿಯ ಮೇಲೆ. ತೊಂಬತ್ತೆಂಟು ಮೂಡಿದ ಕೂಡಲೇ ಕ್ಲಿಕ್ಕಿಸಿ ಕಳಿಸಿಯೇಬಿಟ್ಟರು. ಬಳೆ ಇಳಿದದ್ದು ಅಂಬವ್ವನಿಗೆ ಕಂಡಿತ್ತು. ಹೇಳಲಿಲ್ಲ.

ಮೊದಲು ನಾಲ್ಕೈದು ಹೆಬ್ಬೆರಳು ಬಂದವು. ಒಬ್ಬರು ಶಹಬ್ಬಾಸ್ ಎಂದರು. ಎರಡು ನಿಮಿಷದ ಮೇಲೆ ನಳಿನಿ ಅದೇ ಫೋಟೊವನ್ನು ದೊಡ್ಡದು ಮಾಡಿ ಮತ್ತೆ ಹಾಕಿದಳು.

"ಲೀಡರ್ ಸಾಹೇಬ್ರೆ, ವಾಚು ನಿಮ್ಮದೇ, ಗುರುತು ಸಿಕ್ತು. ಹಸಿರು ಬಳೆ ಯಾವಾಗಿಂದ ಹಾಕ್ತೀರಿ?"

ಗ್ರೂಪು ಬಿದ್ದು ಬಿದ್ದು ನಕ್ಕಿತು. ಬುದ್ಧನ ಶಾಂತಿಯ ಮನುಷ್ಯ ಫೋನನ್ನು ದಿಂಬಿನ ಕೆಳಗೆ ತುರುಕಿದ. ಅದು ಅಲ್ಲೇ ಗುಂಯ್‌ಗುಟ್ಟುತ್ತಿತ್ತು. ಕೊನೆಗೆ ಅಂಬವ್ವ ತೆಗೆದು ಓದಿದಳು. ನಳಿನಿಯದೇ ಕೊನೆಯ ಸಾಲು: "ಈ ಕೈ ಯಾರದ್ದೋ ಅವರನ್ನೇ ಕರಕೊಂಡು ಹೋಗುವ. ಇವತ್ತು ಸಂಜೆತನಕ ಟಿಕೇಟಿನಲ್ಲಿ ಹೆಸರು ಬದಲಿಸ್ಲಿಕ್ಕೆ ಆಗ್ತದೆ."

"ಏನ್ ಬರೀಲಿ?" ಎಂದಳು ಅಂಬವ್ವ.

"ಹುಚ್ಚೇನ್ ನಿನಗ? ಅಲ್ಲಿ ಚಳಿ, ಗಾಳಿ ಇಲ್ಲ, ನೀ ಒಬ್ಬಾಕಿ..."

"ನಿಯಮ ಯಾರು ಮಾಡಿದ್ರಿ?"

ಅಂಬವ್ವ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದಳು, ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆ.

ಜೂನಿನಲ್ಲಿ ಅವಳು ಹೊರಟಾಗ ಅವನ ಜಾಕೀಟು ಅವಳ ಮೈಮೇಲಿತ್ತು, ರೊಟ್ಟಿಯ ಗಂಟು ಕೈಯಲ್ಲಿತ್ತು. ಆಕ್ಸಿಮೀಟರನ್ನೂ ಚೀಲಕ್ಕೆ ಹಾಕಿಕೊಂಡಳು. ಮರುದಿನ ಶಿವಶರಣಪ್ಪ ಯಾರೂ ಇರದ ಹೊತ್ತು ನೋಡಿ ಪಾರ್ಕಿಗೆ ಹೋದ. ಬೆಂಚಿನ ಮೇಲೆ ಸೀತಾರಾಮ ಇದ್ದ. ಇವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ. ಒಂದು ಚುಚ್ಚುಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎನಿಸಿತು ಶಿವಶರಣಪ್ಪನಿಗೆ.

ಆಗ ಇಬ್ಬರ ಫೋನೂ ಒಟ್ಟಿಗೆ ಸದ್ದು ಮಾಡಿದವು. ಲಡಾಖಿನ ಲೇಹ್‌ನಿಂದ ಫೋಟೊ. ಹಿಂದೆ ಬೋಳು ಗುಡ್ಡದ ಮೇಲೆ ಬಿಳೀ ಮಠ, ಮುಂದೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಚಾಚಿದ ಕೈ, ಎಲ್ಲ ಬಳೆಗಳ ಸಮೇತ. ಕೆಳಗೆ ಅಂಬವ್ವನ ಸಾಲು: "ಇಡೀ ಕೈ ಐತಿ, ನೋಡ್ಕೊರ್ರಿ."

ಸೀತಾರಾಮ ಕನ್ನಡಕ ಏರಿಸಿ ಅಂಕಿ ಓದಿದ. "ತೊಂಬತ್ತು. ಹನ್ನೊಂದು ಸಾವಿರ ಅಡಿ ಮೇಲೆ ಇಷ್ಟಿದ್ದರೆ ಒಳ್ಳೇದೇ ಅಂತೆ. ನಿಮಗೆ ಇಲ್ಲಿ ಎಷ್ಟಿತ್ತು ಸಾರ್?"

ಕುಹಕವಿಲ್ಲದೆ ಕೇಳಿದ ಪ್ರಶ್ನೆ. ಶಿವಶರಣಪ್ಪ ಫೋಟೊದಲ್ಲಿನ ಆ ತೊಂಬತ್ತರ ಮೇಲೆ ಬೆರಳಿಟ್ಟ.

"ಅಷ್ಟ," ಎಂದ.